ಜೀವ ಉಳಿದರೆ ಸಾಕೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ನಾವು ತಾಳ್ಮೆಯಿಂದ ಕಾಯುತ್ತೇವೆ. ಆದರೆ ಬೆಂಕಿಯಲ್ಲಿ ಬೆಂದು ಬದುಕಿ ಬಂದವರಿಗೆ ಅಷ್ಟು ಕಾಲಾವಕಾಶವನ್ನೂ ಕೊಡುವುದಿಲ್ಲ. ‘ಜೀವ ಉಳಿಯಿತಲ್ಲ, ದೇವರಿಗೆ ಸ್ತೋತ್ರ ಹೇಳು’ ಎಂದುಬಿಡುತ್ತೇವೆ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಿಭಾಗದಿಂದ ಮನೆಗೆ ಮರಳಿದ ಮೇಲೂ ಚರ್ಮ ಬಿಗಿಯುತ್ತದೆ, ತುರಿಸುತ್ತದೆ. ಕನಸಿನಲ್ಲಿ ಬೆಂಕಿ ಮತ್ತೆ ಕಾಣುತ್ತದೆ. ಒಲೆಯ ಮುಂದೆ ಕೈ ನಡುಗುತ್ತದೆ. ಕನ್ನಡಿ ಬೇಡವಾಗುತ್ತದೆ, ಜನರೂ ಬೇಡವಾಗುತ್ತಾರೆ. ಇದನ್ನು ವಿಶ್ವಾಸದ ಕೊರತೆ ಎನ್ನುವುದು ಅನ್ಯಾಯ. ಮನಸ್ಸಿನ ಈ ಗಾಯಕ್ಕೂ ಚಿಕಿತ್ಸೆ ಇದೆ.

ನಮ್ಮ ಕರ್ತವ್ಯವೇನು? ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯ ನೋಡಿ: ಕುಷ್ಠರೋಗಿ ಗುಣವಾಗಲೆಂದು ಪ್ರಭು ಯೇಸು ಕಾಯಲಿಲ್ಲ, ಮೊದಲೇ ಕೈಚಾಚಿ ಮುಟ್ಟಿದರು. ನಾವೂ ಕಲೆ ಮಾಸುವವರೆಗೆ ಕಾಯದೆ, ದೇವಾಲಯದಲ್ಲಿ ಅವರ ಪಕ್ಕದಲ್ಲೇ ಕೂರೋಣ. ದಿಟ್ಟಿಸುವುದೂ ಬೇಡ, ಮುಖ ತಿರುಗಿಸುವುದೂ ಬೇಡ. ‘ಹೇಗಾಯಿತು?’ ಎಂದು ಕೆದಕದೆ, ಅವರಾಗಿ ಹೇಳಿದಾಗ ಕೇಳೋಣ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡದೆ ವೈದ್ಯರ ಬಳಿ ಕರೆದೊಯ್ಯೋಣ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ (14416) ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಉಳಿದ ಜೀವಕ್ಕೆ ನಮ್ಮ ನಡುವೆ ಬಾಳಲು ಜಾಗ ಸಿಕ್ಕ ದಿನ, ಸ್ತೋತ್ರ ತಾನಾಗಿಯೇ ಅವರ ಬಾಯಿಗೆ ಬಂದೀತು.