ಆಪ್ತವಾಕ್ಯ

ಮೆಕಾಲೆ ಸಾಹೇಬನದೆನ್ನುವ ಒಂದು ಭಾಷಣ ಬಹುಕಾಲದಿಂದ ಅಂತರ್ಜಾಲದಲ್ಲಿ ಓಡಾಡುತ್ತಿದೆ. ವಾಚಕರೂ ತಮ್ಮ ಮೊಬೈಲಿನಲ್ಲಿ ಕಂಡಿರಬಹುದು. ಭಾರತದ ಉದ್ದಗಲ ಸಂಚರಿಸಿಯೂ ಒಬ್ಬ ಭಿಕ್ಷುಕನನ್ನಾಗಲಿ ಕಳ್ಳನನ್ನಾಗಲಿ ತಾನು ಕಾಣಲಿಲ್ಲವೆಂದೂ, ಈ ಜನರನ್ನು ಗೆಲ್ಲಬೇಕಾದರೆ ಇವರ ವಿದ್ಯೆಯನ್ನು ಕೆಡಿಸಬೇಕೆಂದೂ ಅವನು 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ನುಡಿದನಂತೆ. ಒಂದು ಸಮಾರಂಭದಲ್ಲಿ ನಾನೇ ಇದನ್ನು ಏರುದನಿಯಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಮೊನ್ನೆ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದಲ್ಲಿ ಅದೇ ಮಾತನ್ನು ಬರೆದು ತಂದಳು. ಅಧ್ಯಾಪಕನ ಗತ್ತಿನಿಂದ "ಆಧಾರವೇನಮ್ಮ?" ಎಂದೆ.

"ನೀವೇ ಹೇಳಿದ್ದಿರಲ್ಲ ಸರ್!"

ಅಂದು ರಾತ್ರಿ ಹುಡುಕಲು ಕುಳಿತೆ. ಪುಟಗಳೇನೋ ಬೇಕಾದಷ್ಟು ಸಿಕ್ಕಿದವು. ಎಲ್ಲವೂ ಒಂದನ್ನು ನೋಡಿ ಒಂದು ಬರೆದದ್ದು. ಹತ್ತು ಸಾಕ್ಷಿಗಳೆಂದು ಎಣಿಸಿದ್ದವನಿಗೆ ಕೊನೆಗೆ ಒಂದು ಬಾಯಿಯೂ ಸಿಕ್ಕಲಿಲ್ಲ. ಇತ್ತ ಮೆಕಾಲೆಯ ಜೀವನಚರಿತ್ರೆಯನ್ನು ತೆರೆದರೆ, 1834ರಲ್ಲಿ ಮದರಾಸಿನಲ್ಲಿ ಇಳಿದು, ನಮ್ಮ ಬೆಂಗಳೂರು ಶ್ರೀರಂಗಪಟ್ಟಣಗಳ ಮೇಲೆ ಉದಕಮಂಡಲಕ್ಕೆ ಹೋದ ಆ ಮನುಷ್ಯ 1838ರ ಆರಂಭದವರೆಗೆ ಇಂಡಿಯದಲ್ಲೇ ಇದ್ದ. ಶಿಕ್ಷಣವನ್ನು ಕುರಿತ ಅವನ ಪ್ರಸಿದ್ಧ ಟಿಪ್ಪಣಿಯ ತಾರೀಖು ಅದೇ ಫೆಬ್ರವರಿ 2. ಕಲ್ಕತ್ತೆಯಲ್ಲಿದ್ದವನು ಲಂಡನ್ನಿನಲ್ಲಿ ಭಾಷಣ ಮಾಡುವುದು ಹೇಗೆ?

ಆ ಟಿಪ್ಪಣಿಯಲ್ಲಿರುವುದೇನು ಕಡಿಮೆಯೆ? ಭಾರತ ಅರೇಬಿಯಗಳ ಸಾಹಿತ್ಯವೆಲ್ಲ ಸೇರಿದರೂ ಯೂರೋಪಿನ ಒಳ್ಳೆಯ ಪುಸ್ತಕಭಂಡಾರದ ಒಂದು ಹಲಗೆಯ ಮೇಲಿನ ಪುಸ್ತಕಗಳಿಗೆ ಸಮನಲ್ಲ ಎಂಬ ಧಾಟಿಯ ಮಾತಿದೆ. ಸಂಸ್ಕೃತ ತನಗೆ ಬಾರದೆಂದು ಒಪ್ಪಿಕೊಂಡೇ ಆಡಿದ ಮಾತು! ಅವನನ್ನು ದೂರುವುದಕ್ಕೆ ನಿಜವೇ ಸಾಕಾಗಿತ್ತು. ಆದರೆ ನಿಜದಲ್ಲಿ ನಮಗೆ ಬೈಗುಳವಿದೆ, ಸುಳ್ಳಿನಲ್ಲಿ ಹೊಗಳಿಕೆಯಿದೆ.

ಆಪ್ತವಾಕ್ಯವೂ ಒಂದು ಪ್ರಮಾಣವೆಂದರು ನೈಯಾಯಿಕರು. ಇದ್ದದ್ದನ್ನು ಇದ್ದಂತೆ ಬಲ್ಲವನು, ಬಲ್ಲಂತೆ ಹೇಳುವವನು ಅವರ ಪಾಲಿಗೆ ಆಪ್ತ. ಆಡುಮಾತಿನಲ್ಲಿ ಆಪ್ತನೆಂದರೆ ಬೇಕಾದವನು, ಮನಸ್ಸಿಗೆ ಹತ್ತಿರದವನು. ಈ ಎರಡರ ನಡುವೆ ನಾನು ಎಡವಿದ್ದೆ. ಯಾರು ಬರೆದರು, ಎಂದು ಬರೆದರು, ಯಾವ ಮೂಲದಿಂದ, ಅವರಿಗೇನು ಲಾಭ ಎಂದು ಕೇಳಬೇಕೆಂದು ತರಗತಿಯಲ್ಲಿ ಕಲಿಸುವವನು ನಾನು. ಕನ್ನಡವನ್ನು ಯಾರಾದರೂ ಹೀಯಾಳಿಸಿದ ಪುಟ ಕಂಡರೆ ಈ ಪ್ರಶ್ನೆಗಳೆಲ್ಲ ತಾವಾಗಿ ನಾಲಗೆಗೆ ಬರುತ್ತವೆ. ಹೊಗಳಿದ ಪುಟ ಕಂಡಾಗ ಒಂದೂ ಬರುವುದಿಲ್ಲ.

"ದೇಶಾಭಿಮಾನ ಬೆಳೆಸುವ ಸುಳ್ಳಲ್ಲವೆ, ಇರಲಿ ಬಿಡಿ" ಎಂದರು ನನ್ನ ಹಿರಿಯ ಸಹೋದ್ಯೋಗಿಗಳು. ಬಿಡಬಹುದಿತ್ತು. ಆದರೆ ಆ ಹುಡುಗಿ ನಾಳೆ ಬೇರೆಲ್ಲೋ ಇದು ಸುಳ್ಳೆಂದು ತಿಳಿದಾಗ, ನಾನು ಹೇಳಿಕೊಟ್ಟ ಪಂಪನನ್ನೂ ಅದೇ ಲೆಕ್ಕಕ್ಕೆ ಸೇರಿಸಿಯಾಳು.

ಮರುದಿನ ತರಗತಿಯಲ್ಲಿ ತಪ್ಪೊಪ್ಪಿಕೊಂಡೆ. ಈ ಸಲ ಚಪ್ಪಾಳೆ ಬೀಳಲಿಲ್ಲ. ಅವಳು ಮಾತ್ರ ಗಂಟೆ ಮುಗಿದ ಮೇಲೆ ಬಂದು, ಆ ಟಿಪ್ಪಣಿಯ ಮೂಲ ಎಲ್ಲಿ ಸಿಕ್ಕುತ್ತದೆಂದು ಕೇಳಿದಳು. ಅದೂ ಅಂತರ್ಜಾಲದಲ್ಲೇ ಇದೆ.