ಮಗುವಿಗೆ ಸಲ್ಲಬೇಕಾದ ಸತ್ಯ

ವರ್ಷಕ್ಕೊಮ್ಮೆ ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ದು ಎತ್ತರ, ತೂಕ, ದೃಷ್ಟಿ, ಹಲ್ಲುಗಳನ್ನು ಪರೀಕ್ಷಿಸುವುದು ಹೆತ್ತವರ ಕರ್ತವ್ಯ. ಒಂದು ಕಣ್ಣಿನ ಮಂದದೃಷ್ಟಿಯನ್ನು ಮಗು ತಾನಾಗಿ ಹೇಳಲಾರದು. 7 ವರ್ಷದೊಳಗೆ ತಿಳಿದುಬಂದರೆ ಚಿಕಿತ್ಸೆ ಹೆಚ್ಚು ಫಲಕಾರಿ.

ಆದರೆ ಅನೇಕರು ‘ಸೂಜಿ ಚುಚ್ಚುವುದಿಲ್ಲ’ ಎಂದು ನಂಬಿಸಿ ಕರೆದೊಯ್ಯುತ್ತಾರೆ. 5-6ನೆಯ ವರ್ಷದಲ್ಲಿ ಡಿಪಿಟಿ ಲಸಿಕೆ ನೀಡುವ ದಿನ ಆ ಮಾತು ಸುಳ್ಳಾಗುತ್ತದೆ. ಸೂಜಿಯ ನೋವು ಹಿತಾರ್ಥವಾದದ್ದು, ಬೇಗ ಶಮನವಾಗುತ್ತದೆ. ಮುರಿದ ವಿಶ್ವಾಸವು ಹಾಗಲ್ಲ. ಮರುವರ್ಷ ತಾಯಿಯ ನಿಜವಾದ ಮಾತನ್ನೂ ಮಗು ಶಂಕಿಸುತ್ತದೆ.

ಆ ಸುಳ್ಳು ಮಗುವಿನ ನೆಮ್ಮದಿಗಾಗಿಯೋ, ತಮ್ಮ ಅನುಕೂಲಕ್ಕಾಗಿಯೋ ಎಂಬುದನ್ನು ಹೆತ್ತವರು ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. ‘ಸ್ವಲ್ಪ ನೋಯುತ್ತದೆ, ಕೈ ಹಿಡಿದುಕೊಂಡಿರುತ್ತೇನೆ’ ಎಂದರೆ ಮಗು ಅಳಬಹುದು. ಆದರೂ ಸತ್ಯಾಣುವ್ರತದ ಮೊದಲ ಪಾಠ ಅಲ್ಲಿಯೇ ಆರಂಭವಾಗುತ್ತದೆ.