ಕೊನೆ ಭಾಗದವರು

‘ಕೊನೆ ಭಾಗದ ರೈತರು’ ಎಂಬ ಮಾತು ಕೇಳದೆ ನಮ್ಮ ಸೀಮೆಯಲ್ಲಿ ಒಂದು ಹಂಗಾಮು ಮುಗಿಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರು ದಾಟಿ ರಾಯಚೂರಿನ ಕಡೆಗೆ 227 ಕಿಲೋಮೀಟರ್ ಹರಿಯುತ್ತದೆ. ಯೋಜನೆ ಮಾಡಿದವರು ಬಹುಪಾಲು ನೆಲಕ್ಕೆ ಕಡಿಮೆ ನೀರಿನ ಬೆಳೆಗಳ ಲೆಕ್ಕ ಹಾಕಿದ್ದರು. ಮೇಲ್ಭಾಗದವರು ಭತ್ತ ನಾಟಿದರು. ಮಾನ್ವಿಯಾಚೆಯ ಹೊಲ ಮುಟ್ಟುವಷ್ಟರಲ್ಲಿ ನೀರು ಹೋಗಿ ನೀರಿನ ಸುದ್ದಿಯಷ್ಟೇ ಉಳಿದಿರುತ್ತದೆ.

ನಾನು ವಳಕಮದಿನ್ನಿಯವನು, ಬೆಂಗಳೂರಿನಲ್ಲಿ ಒಂಬತ್ತು ಜನರ ಸಾಫ್ಟ್‌ವೇರ್ ತಂಡ ನಡೆಸುತ್ತೇನೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು, ಸಿಗ್ನಲ್ ಸಿಗುವ ಮಾಳಿಗೆಯ ಮೇಲೆ ಕೂತು ಕೆಲಸ ಮಾಡಿದೆ. ‘ಬರೇ ಮಾತಾಡಿದ್ರ ಪಗಾರ ಕೊಡ್ತಾರೇನೋ?’ ಎಂದು ಅವ್ವ ಕೇಳುತ್ತಿದ್ದಳು. ಆಗ ಎಲ್ಲರೂ ಪರದೆಯ ಮೇಲೆ ಒಂದೇ ಅಳತೆಯ ಚೌಕಗಳು. ಯಾರೂ ಮೇಲ್ಭಾಗದವರಲ್ಲ.

ಆಮೇಲೆ ಹೈಬ್ರಿಡ್ ಬಂತು. ಆರು ಜನ ಕೋಣೆಯೊಳಗೆ, ಮೂವರು ಪರದೆಯಲ್ಲಿ. ಮೀಟಿಂಗ್ ಮುಗಿಸಿ ಪರದೆ ಆರಿಸಿ ನಾವು ಆರು ಜನ ಚಹಾಕ್ಕೆ ಹೋಗುತ್ತಿದ್ದೆವು. ಒಮ್ಮೆ ಆ ಚಹಾದ ಹೊತ್ತಿನಲ್ಲಿ ಒಂದು ವಿನ್ಯಾಸವನ್ನೇ ಬದಲಿಸಿದೆವು. ದೂರದ ಊರಿನಿಂದ ಕೆಲಸ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬಳು ಹನ್ನೊಂದು ದಿನ ಹಳೆಯದನ್ನೇ ಕಟ್ಟಿದಳು. ವರ್ಷದ ಮೌಲ್ಯಮಾಪನದಲ್ಲಿ ನಾನು ಬರೆದದ್ದು: ‘ತೊಡಗಿಸಿಕೊಳ್ಳುವಿಕೆ ಕಡಿಮೆ.’

‘ಸರ್, ಆ ತೀರ್ಮಾನ ಯಾವ ಮೀಟಿಂಗ್‌ನಲ್ಲಿ ಆಯಿತು?’ ಎಂದಳು. ಹುಡುಕಿದೆ. ಯಾವುದರಲ್ಲೂ ಆಗಿರಲಿಲ್ಲ.

2022ರಲ್ಲಿ ಮೈಕ್ರೋಸಾಫ್ಟ್ 11 ದೇಶಗಳ 20,000 ಜನರನ್ನು ಕೇಳಿತ್ತು. ನೌಕರರಲ್ಲಿ ನೂರಕ್ಕೆ 87 ಮಂದಿ ತಾವು ಚೆನ್ನಾಗಿ ದುಡಿಯುತ್ತಿದ್ದೇವೆ ಎಂದರು; ನಾಯಕರಲ್ಲಿ ನೂರಕ್ಕೆ 85 ಮಂದಿ, ಹೈಬ್ರಿಡ್ ಬಂದಮೇಲೆ ಅದನ್ನು ನಂಬುವುದು ಕಷ್ಟ ಎಂದರು. ನಾನೂ ಆ 85ರೊಳಗೇ ಇದ್ದೆ. ದೂರದವರು ದುಡಿಯುತ್ತಿದ್ದಾರೆಯೇ ಎಂದು ಅಳೆಯುವ ತಂತ್ರಾಂಶಗಳು ಬೇಕಾದಷ್ಟಿವೆ. ಅವರ ತನಕ ನೀರು ಹೋಯಿತೇ ಎಂದು ಅಳೆಯುವ ಗೇಜು ನಮ್ಮ ಆಫೀಸಿನಲ್ಲಿ ಇರಲಿಲ್ಲ. ಕೊನೆ ಭಾಗದ ಹೊಲ ಒಣಗಿದರೆ ಆ ರೈತನನ್ನು ಸೋಮಾರಿ ಎಂದು ನಮ್ಮೂರಲ್ಲಿ ಯಾರೂ ಬೈಯುವುದಿಲ್ಲ. ಬೆಂಗಳೂರಿಗೆ ಹೋಗುವಾಗ ಇಷ್ಟು ತಿಳಿವಳಿಕೆಯನ್ನು ನಾನು ಎಲ್ಲಿ ಬಿಟ್ಟುಹೋದೆನೋ.

ಬರೆದಿಟ್ಟರೆ ಸಾಕು, ಎಲ್ಲರಿಗೂ ಒಂದೇ ಮಾತು ಮುಟ್ಟುತ್ತದೆ ಎನ್ನುವವರಿದ್ದಾರೆ. ನಮ್ಮ ಕಡೆಯ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು. ಪಾಟಲಿಪುತ್ರದ ದೊರೆ ಇಷ್ಟು ದೂರಕ್ಕೆ ಮಾತು ಕಳಿಸಿದ್ದ, ಅದೂ ಪ್ರಾಕೃತದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ. ಇಲ್ಲಿನ ದನಗಾಹಿಗೆ ಅದನ್ನು ಯಾರಾದರೂ ಓದಿ, ಬಿಡಿಸಿ ಹೇಳಬೇಕಿತ್ತು. ನಾನೀಗ ತೀರ್ಮಾನಗಳನ್ನು ಬರೆದು ಕಳಿಸುತ್ತೇನೆ, ಆಮೇಲೆ ಫೋನೂ ಮಾಡುತ್ತೇನೆ. ಚಹಾದ ಗುಂಪಿಗೆ ಇದು ರಗಳೆ ಅನ್ನಿಸಿದೆ.

ತಪ್ಪು ನನ್ನದು ಎಂದು ಮೇಲಿನವರಿಗೆ ಹೇಳಲು ನನಗೆ ಎರಡು ತಿಂಗಳು ಹಿಡಿಯಿತು. ನನ್ನ ಬಡ್ತಿಯೂ ಅದೇ ಕಡತಗಳ ಜೊತೆಗಿತ್ತು. ಹೇಳಿದಾಗ, ತಿದ್ದುವ ಅವಧಿ ಮುಗಿದಿದೆ ಎಂದರು. ಆಕೆ ಈಗ ಬೇರೆ ತಂಡದಲ್ಲಿದ್ದಾಳೆ. ನಾನು ಬರೆದ ಸಾಲು ಆಕೆಯ ಹೆಸರಿನ ಕೆಳಗೆ ಹಾಗೆಯೇ ಇದೆ.